ರುಕೆತ್ ಮನೆಯ ಮೂಗು

ಅಬೆಲ್ ರುಕೆತ್‌ನ ಮೂಗು ನೋಡಲು ಅಂಥ ಚಂದವೇನಿರಲಿಲ್ಲ. ದಪ್ಪಗೆ, ತುದಿಯಲ್ಲಿ ಕೆಂಪಗೆ, ಚಳಿಗಾಲ ಬಂತೆಂದರೆ ಸದಾ ಸೋರುವ ಮೂಗು. ಆದರೆ ಕೊಂಬ್‌ರುಜ್ ಕಣಿವೆಯಲ್ಲಿ ಆ ಮೂಗಿಗೆ ಇದ್ದ ಮರ್ಯಾದೆ ಪಾದ್ರಿಗೂ ಇರಲಿಲ್ಲ, ಮೇಯರ್‌ಗೂ ಇರಲಿಲ್ಲ. ಯಾರದೇ ನೆಲಮಾಳಿಗೆಯ ಬಾಗಿಲಲ್ಲಿ ನಿಂತು ಒಮ್ಮೆ ಉಸಿರೆಳೆದುಕೊಂಡರೆ ಸಾಕು, ಯಾವ ಪೀಪಾಯಿ ಅಂಚಿನ ತನಕ ತುಂಬಿಲ್ಲ, ಯಾವ ಬಕೆಟ್ಟನ್ನು ತೊಳೆಯದೆ ಬೋರಲು ಹಾಕಿದ್ದಾರೆ ಎಂದು ಹೇಳಿಬಿಡುತ್ತಿದ್ದ. ಒಮ್ಮೆ ನೆರೆಮನೆಯ ಲೆಯೊನ್ಸ್‌ನಲ್ಲಿಗೆ ಹೋದವನು ಕುರ್ಚಿ ಎಳೆದುಕೊಳ್ಳುವ ಮೊದಲೇ, ನಿನ್ನ ಮೂಲೆ ಪೀಪಾಯಿಯಲ್ಲಿ ಇಲಿ ಸತ್ತಿದೆ ಎಂದ. ಇಲಿ ಸಿಕ್ಕಿದ್ದು ಪೀಪಾಯಿಯ ಒಳಗಲ್ಲ, ಹಿಂದೆ. ಒಂದು ಗೇಣು ತಪ್ಪು ಹೇಳಿದೆ ಎಂದು ಲೆಯೊನ್ಸ್ ಅವನನ್ನು ಇವತ್ತಿಗೂ ಹಂಗಿಸುತ್ತಾನೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವರು, ಹಂಗಿಸದಿದ್ದರೆ ಇಬ್ಬರಿಗೂ ಊಟ ಸೇರುವುದಿಲ್ಲ.

ಮೂಗು ಅವನಿಗೆ ಅಪ್ಪನಿಂದ ಬಂದ ಆಸ್ತಿ. ಅಪ್ಪ ಸಿಪ್ರಿಯೆನ್‌ಗೆ ಅವನ ಅಪ್ಪನಿಂದ. ಊರಿನವರು ಅದನ್ನು ‘ರುಕೆತ್ ಮನೆಯ ಮೂಗು’ ಎಂದೇ ಕರೆಯುವುದು. ಆದರೆ ಅಬೆಲ್ ಎದುರಿಗೆ ಇಲ್ಲದಾಗ ಅವರು ಇನ್ನೊಂದು ಮಾತನ್ನೂ ಆಡುತ್ತಾರೆ: ಸಿಪ್ರಿಯೆನ್‌ನ ಮೂಗು ಕೊನೆಗಾಲದಲ್ಲಿ ಕೈಕೊಟ್ಟಿತು, ಪಾಪ.

ಅದು ಅಬೆಲ್ ಇನ್ನೂ ಮದುವೆಯಾಗಿರದ ಕಾಲ. ದ್ರಾಕ್ಷಿ ಕೊಯ್ಲಿನ ಹೊತ್ತಿಗೇ ಸಿಪ್ರಿಯೆನ್ ಕೆಮ್ಮಿನಿಂದ ಹಾಸಿಗೆ ಹಿಡಿದ. ದ್ರಾಕ್ಷಿ ತುಂಬಿದ ತೊಟ್ಟಿ ನೋಡಿಕೊಳ್ಳುವ ಕೆಲಸ ಮಗನ ಪಾಲಿಗೆ ಬಂತು. ಎಲ್ಲ ನೆಟ್ಟಗೆ ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ಮುದುಕ ಮಲಗಿದ್ದಲ್ಲಿಂದಲೇ, ತೊಟ್ಟಿ ಹುಳಿಗೆ ತಿರುಗಿದೆ, ಈಗಿಂದೀಗಲೇ ರಸ ಇಳಿಸು ಎಂದು ಕೂಗಾಡಿದ. ಅಬೆಲ್‌ನ ಮೂಗಿಗೆ ಯಾವ ಹುಳಿಯೂ ಸಿಕ್ಕಿರಲಿಲ್ಲ. ಆದರೆ ಅಪ್ಪ ಹೇಳಿದ ಮೇಲೆ ಎದುರಾಡುವ ಕಾಲವಲ್ಲ ಅದು. ಇಳಿಸಿದ. ಸಿಪ್ಪೆ ತನ್ನ ಬಣ್ಣ ಬಿಡುವ ಮೊದಲೇ, ಸತ್ವ ಬಿಡುವ ಮೊದಲೇ ಇಳಿಸಿದ ಆ ವರ್ಷದ ವೈನ್ ತೆಳ್ಳಗೆ, ಪೇಲವವಾಗಿ ಪೀಪಾಯಿ ಸೇರಿತು. ಹುಳಿಯ ಸುಳಿವು ಅದರಲ್ಲಿ ಎಲ್ಲೂ ಇರಲಿಲ್ಲ. ಆಗ ಅವರ ಗಿರಾಕಿಗಳೆಲ್ಲ ಗುಡ್ಡದಾಚೆಯ ಕಲ್ಲಿದ್ದಲು ಗಣಿಯವರು. ದಿನವಿಡೀ ನೆಲದೊಳಗೆ ಕರಿ ನುಂಗಿ ಬಂದವರಿಗೆ ಗಂಟಲು ಕೆರೆಯುವ ಕೆಂಪು ವೈನೇ ಬೇಕು. ಅವರು ಒಂದು ಗುಟುಕು ಕುಡಿದು, ಇದು ಪೀಪಾಯಿ ತೊಳೆದ ನೀರೇನಯ್ಯಾ ಎಂದು ಕೇಳಿದರು. ಸಿಪ್ರಿಯೆನ್ ಅದನ್ನು ಎದುರೆದುರೇ ಕೇಳಿಸಿಕೊಂಡ. ಆಮೇಲೆ ಅವನು ನೆಲಮಾಳಿಗೆಗೆ ಇಳಿಯಲಿಲ್ಲ. ಕೊಯ್ಲು ಬಂದರೆ ಅಂಗಳದ ಕಲ್ಲುಗೋಡೆಯ ಮೇಲೆ ಕೂತು ರಸ್ತೆ ನೋಡುತ್ತಿದ್ದ. ಯಾರಾದರೂ ಲೋಟ ಕೊಟ್ಟರೆ ಮೂಸದೆಯೇ ಕುಡಿದು, ಚೆನ್ನಾಗಿದೆ ಅನ್ನುತ್ತಿದ್ದ. ಸಾಯುವ ತನಕ ಹಾಗೆಯೇ ಇದ್ದ.

ಅಬೆಲ್‌ಗೆ ಅಪ್ಪನ ಮೇಲೆ ಮರುಕವಿರಲಿಲ್ಲ. ಅವನಿಗಿದ್ದದ್ದು ಸಿಟ್ಟು. ನನ್ನ ಕೈಗೆ ಕೊಟ್ಟ ಮೊದಲ ತೊಟ್ಟಿಯನ್ನೇ ನಂಬಲಿಲ್ಲ, ಮಗ ತನಗಿಂತ ಚೆನ್ನಾಗಿ ಮಾಡಿಬಿಟ್ಟಾನು ಎಂದು ಹೊಟ್ಟೆಯುರಿದು ಕೆಡಿಸಿದ ಎಂದು ಅವನು ಗಟ್ಟಿಯಾಗಿ ನಂಬಿದ್ದ. ಈ ಮಾತನ್ನು ಹೆಂಡತಿ ಜೊಸೆತ್‌ಗೆ ಒಮ್ಮೆ ಹೇಳಿದ್ದ, ಮತ್ತೆಂದೂ ಎತ್ತಿರಲಿಲ್ಲ.

ಇರಲಿ. ಆಮೇಲೆ ಗಣಿ ಮುಚ್ಚಿತು, ಗಣಿಯವರು ಚದುರಿಹೋದರು, ಕಣಿವೆಯ ಅರ್ಧ ತೋಟಗಳಲ್ಲಿ ಮುಳ್ಳು ಬೆಳೆಯಿತು. ಅಬೆಲ್ ಬಿಡಲಿಲ್ಲ. ಕೆಂಪು ಮಣ್ಣಿನ ಆ ಕಡಿದಾದ ಗುಡ್ಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲ್ಲು ಕಟ್ಟಿದ ತೋಟ, ಮುತ್ತಜ್ಜ ಚೆಸ್ಟ್‌ನಟ್ ಮರದಲ್ಲಿ ಮಾಡಿಸಿದ ತೊಟ್ಟಿ, ಈ ಸೀಮೆಯದೇ ಆದ ಮನ್ಸುವಾ ಎಂಬ ಕಪ್ಪು ದ್ರಾಕ್ಷಿ. ಅಪ್ಪ ಮಾಡಿದಂತೆಯೇ ಅವನೂ ಮಾಡಿದ. ದ್ರಾಕ್ಷಿಯನ್ನು ತೊಟ್ಟಿಗೆ ತುಂಬಿ, ಅದು ತನ್ನಷ್ಟಕ್ಕೆ ಹುದುಗಿ ಕುದಿಯಲು ಬಿಟ್ಟು, ಮೇಲೆದ್ದು ನಿಂತ ಸಿಪ್ಪೆಯ ಹೆಪ್ಪನ್ನು ಬೆಳಿಗ್ಗೆ ಸಂಜೆ ಕಾಲಿನಿಂದ ತುಳಿದು ಮುಳುಗಿಸಿ, ಮೂಗು ‘ಆಯಿತು’ ಎಂದ ದಿನ ರಸ ಇಳಿಸುವುದು. ಸಕ್ಕರೆಯಿಲ್ಲ, ಔಷಧಿಯಿಲ್ಲ, ಹೊಸ ಮರದ ಪರಿಮಳವಿಲ್ಲ. ಮೊದಲ ಗುಟುಕಿಗೆ ನಾಲಿಗೆ ಮುದುಡಿಸುವ, ಎರಡನೆಯದಕ್ಕೆ ಕೈಹಿಡಿದು ಕೂರಿಸಿಕೊಳ್ಳುವ ವೈನ್. ಅದನ್ನು ಪರೀಕ್ಷಿಸುವುದು ಗಾಜಿನ ಲೋಟದಲ್ಲಲ್ಲ, ಸೂಪಿನ ತಟ್ಟೆಯಲ್ಲಿ. ತಳದಲ್ಲಿ ಬಿಸಿ ಸೂಪು ಸ್ವಲ್ಪ ಉಳಿದಿರುವಾಗ ಅದಕ್ಕೆ ವೈನ್ ಸುರಿದು, ತಟ್ಟೆಯನ್ನೇ ಎತ್ತಿ ಕುಡಿಯಬೇಕು. ಅಲ್ಲಿ ನಿಂತ ವೈನ್ ಎಲ್ಲಿ ಬೇಕಾದರೂ ನಿಲ್ಲುತ್ತದೆ. ನಗರದ ಹೋಟೆಲಿನವರು ಈಚೆಗೆ ಅದನ್ನು ಹುಡುಕಿಕೊಂಡು ಬರತೊಡಗಿದ್ದರು, ಅವರ ಲೋಟಗಳ ಉದ್ದನೆಯ ಕುತ್ತಿಗೆ ನೋಡಿ ಅಬೆಲ್‌ಗೆ ನಗು.

ಮಗಳು ಮಿರೇಯ್ ಬಸ್ ಓಡಿಸುವ ಗಂಡ ಬ್ರೂನೊನ ಜೊತೆ ಸೇತುವೆಯಾಚೆಯೇ ಇದ್ದಳು. ಬಳ್ಳಿ ಸವರುವುದರಿಂದ ಪೀಪಾಯಿ ತೊಳೆಯುವ ತನಕ ಅವಳಿಗೆ ಬರದ ಕೆಲಸವಿಲ್ಲ. ಅಪ್ಪನ ಮೂಗೂ ಬಂದಿದೆ ಎಂದು ಲೆಯೊನ್ಸ್ ಹೇಳುತ್ತಿದ್ದ. ಆದರೆ ರಸ ಯಾವಾಗ ಇಳಿಸಬೇಕೆಂದು ಅವಳನ್ನು ಯಾರೂ ಕೇಳಿದವರಿಲ್ಲ. ರಸ ಇಳಿಸಲು ತೊಟ್ಟಿಯ ಬಿರಡೆಯನ್ನು ಹೊಡೆದು ತೆಗೆಯುವ ಮರದ ಕೊಡತಿ ನೆಲಮಾಳಿಗೆಯ ಮೊಳೆಯೊಂದಕ್ಕೆ ನೇತುಬಿದ್ದಿರುತ್ತದೆ, ಅದನ್ನು ಮುಟ್ಟುವವನು ಮನೆಗೆ ಒಬ್ಬನೇ. ಅಬೆಲ್ ಅದನ್ನು ಅವಳ ಕೈಗೆ ಒರೆಸಲು ಕೂಡ ಕೊಟ್ಟಿರಲಿಲ್ಲ.

ಈ ಕತೆ ನಡೆದ ವರ್ಷದ ಕೊಯ್ಲು ಚೆನ್ನಾಗಿಯೇ ಶುರುವಾಯಿತು. ಗಂಡಸರು ತೊಟ್ಟಿಗೆ ನೀರು ಹಾಯಿಸಿ, ಸೋರದ ಹಾಗೆ ಮರ ಊದಿಸಿದರು. ಹೆಂಗಸರಿಗೆ ಅವರವೇ ಕೆಲಸಗಳು: ಬೆಕ್ಕನ್ನು ಹೊರಗಟ್ಟು, ನೆಲಮಾಳಿಗೆಯ ಮೆಟ್ಟಿಲ ಮೇಲಿನ ಬೆಳ್ಳುಳ್ಳಿ ಗೊಂಚಲು ತೆಗೆ, ಅಡುಗೆಮನೆಯ ವಿನೆಗರ್ ಜಾಡಿಯನ್ನು ದೂರ ಸಾಗಿಸು. ಎಲ್ಲರ ಮನೆಯಲ್ಲೂ ಒಂದು ಮಣ್ಣಿನ ಜಾಡಿ ಇರುತ್ತದೆ, ಬಾಟಲಿಯ ತಳದಲ್ಲಿ ಉಳಿದ ವೈನೆಲ್ಲ ಅದಕ್ಕೆ ಬಿದ್ದು ಹುಳಿಯಾಗುತ್ತದೆ. ಆದರೆ ದ್ರಾಕ್ಷಿ ಮನೆಗೆ ಬಂದಿತೆಂದರೆ ಆ ಜಾಡಿ ತೊಟ್ಟಿಯ ಹತ್ತಿರ ಇರಕೂಡದು. ಅದರ ಸೋಂಕು ತಗುಲಿದರೆ ತೊಟ್ಟಿಗೆ ತೊಟ್ಟಿಯೇ ವಿನೆಗರ್. ಜಾಡಿ ಎಲ್ಲಿಗೆ ಹೋಗುತ್ತದೆಂದು ಗಂಡಸರು ಕೇಳುವುದಿಲ್ಲ, ಹೆಂಗಸರು ಹೇಳುವುದಿಲ್ಲ. ಬೆಕ್ಕು ಎಲ್ಲಿ ಹೋಯಿತೆಂದೂ ಯಾರೂ ಕೇಳುವುದಿಲ್ಲವಲ್ಲ, ಹಾಗೆ.

ಕೊಯ್ಲಿನ ಕೊನೆಯ ದಿನ ಅಬೆಲ್ ಬೆನ್ನಿಗೆ ದ್ರಾಕ್ಷಿ ಬುಟ್ಟಿ ಹೊತ್ತು, ಕೆಳಗಿನ ತೋಟದಲ್ಲಿದ್ದ ಲೆಯೊನ್ಸ್‌ಗೆ ಏನೋ ಉತ್ತರ ಕೊಡುತ್ತಾ ಹಿಂದೆ ಹಿಂದೆ ನಡೆದ. ನಲವತ್ತು ವರ್ಷ ಓಡಾಡಿದ ಗೋಡೆಯ ಅಂಚು ಕಾಲಡಿಯಿಂದ ಮುಗಿದುಹೋಯಿತು. ಬಿದ್ದಲ್ಲಿಂದಲೇ ಅವನು ಮೊದಲು ಕೇಳಿದ್ದು ದ್ರಾಕ್ಷಿ ಚೆಲ್ಲಿತೇ ಎಂದು. ಕಣಕಾಲಿನ ಮೇಲೆ ಮೂಳೆ ಮುರಿದಿತ್ತು. ಪಟ್ಟಣದ ಡಾಕ್ಟರು ಪ್ಲಾಸ್ಟರ್ ಹಾಕಿ, ನವೆಂಬರ್ ಮೊದಲ ದಿನದ ಎಲ್ಲ ಸಂತರ ಹಬ್ಬದ ತನಕ ಈ ಕಾಲು ನೆಲ ಮುಟ್ಟಕೂಡದು ಎಂದರು.

ಎಲ್ಲಿ ಮಲಗಿಸುವುದೆಂದು ಜೊಸೆತ್ ಎರಡನೇ ಸಲ ಯೋಚಿಸಲಿಲ್ಲ. ಮನೆ ಗುಡ್ಡಕ್ಕೆ ಅಂಟಿಕೊಂಡು ನಿಂತದ್ದು. ತಳದಲ್ಲಿ ನೆಲಮಾಳಿಗೆ, ಅದರ ಮೇಲೆ ಅಡುಗೆಮನೆ ಮತ್ತು ಗಂಡಹೆಂಡಿರ ಮಂಚ, ಎಲ್ಲಕ್ಕೂ ಮೇಲೆ ಸೂರಿನಡಿಯ ಕೋಣೆ. ಕೆಳಗೆ ಮಲಗಿಸಿದರೆ ಈ ಮನುಷ್ಯ ಒಂಟಿಕಾಲಲ್ಲಾದರೂ ಕುಪ್ಪಳಿಸಿ ತೊಟ್ಟಿಗೆ ಹೋಗುತ್ತಾನೆ. ಅದಕ್ಕೇ ಬ್ರೂನೊ ಮತ್ತು ಲೆಯೊನ್ಸ್ ಇಬ್ಬರೂ ಸೇರಿ ಅವನನ್ನು ಕುರ್ಚಿಯಲ್ಲಿ ಕೂರಿಸಿ ಸೂರಿನ ಕೋಣೆಗೆ ಹೊತ್ತರು.

“ಪೋಪ್‌ನ ಹೊತ್ತ ಹಾಗಿದೆ. ಆಶೀರ್ವಾದ ಮಾಡೋ,” ಎಂದ ಲೆಯೊನ್ಸ್.

“ಕೈ ಬಿಟ್ಟು ನೋಡು, ನಿನಗೇ ಮೊದ್ಲು ಮಾಡ್ತೀನಿ,” ಎಂದ ಅಬೆಲ್.

ಅಲ್ಲಿ ಒಂದು ಹಳೆಯ ಮಂಚ, ಒಂದು ಒಲೆಗೂಡು, ಒಲೆಗೂಡಿನ ಪಕ್ಕ ಗೋಡೆಯಲ್ಲಿ ಪರದೆ ಹಾಕಿದ ಗೂಡು. ಮಂಚಕ್ಕೆ ಒರಗಿದಾಗ ಅಬೆಲ್‌ಗೆ ನೆನಪಾಯಿತು, ಅಪ್ಪ ಕೆಮ್ಮುತ್ತಾ ಮಲಗಿದ್ದದ್ದು ಈ ಮಂಚದಲ್ಲೇ. ಅವನಿಗೆ ಅದು ಹಿಡಿಸಲಿಲ್ಲ. ಮುಖವನ್ನು ಬಾಗಿಲ ಕಡೆಗೆ ತಿರುಗಿಸಿಕೊಂಡ.

ಮೊದಮೊದಲು ಎಲ್ಲ ಸುಸೂತ್ರ. ತೊಟ್ಟಿ ಕುದಿಯತೊಡಗಿದ ವಾಸನೆ ಮೆಟ್ಟಿಲ ಗುಂಟ ಏರಿ ಮನೆಯನ್ನೆಲ್ಲ ತುಂಬಿತು. ಮಿರೇಯ್ ಬೆಳಿಗ್ಗೆ ಸಂಜೆ ತೊಟ್ಟಿಗೆ ಇಳಿದು ತುಳಿದು, ತೊಡೆಯ ತನಕ ನೇರಳೆಯಾದ ಕಾಲಲ್ಲೇ ಲೋಟ ಹಿಡಿದು ಮೇಲೆ ಬರುತ್ತಿದ್ದಳು. ಅಬೆಲ್ ಮೂಸುತ್ತಿದ್ದ, ಬಾಯಲ್ಲಿ ಮುಕ್ಕಳಿಸುತ್ತಿದ್ದ, ಇನ್ನೂ ಗಟ್ಟಿಯಾಗಿ ತುಳಿ, ಮೂಲೆ ಬಿಡಬೇಡ, ಬಾಗಿಲು ಮುಚ್ಚು, ಬಾಗಿಲು ತೆಗಿ ಎಂದು ಅಪ್ಪಣೆ ಕೊಡುತ್ತಿದ್ದ. ಅವಳು ಎಲ್ಲಕ್ಕೂ ಹೂಂ ಅಂದು ತನಗೆ ಸರಿ ಕಂಡದ್ದನ್ನು ಮಾಡುತ್ತಿದ್ದಳು. ಅದು ಅವನಿಗೆ ಗೊತ್ತಿರಲಿಲ್ಲ ಎಂದೇನಲ್ಲ.

ಆಮೇಲೆ ಗಾಳಿ ತಿರುಗಿತು. ಗುಡ್ಡದ ಮೇಲಿನಿಂದ ಚಳಿ ಇಳಿದು ಸೂರಿನ ಕೋಣೆ ಮಂಜುಗಡ್ಡೆಯಾಯಿತು. ಜೊಸೆತ್ ಒಲೆಗೂಡಿಗೆ ಬೆಂಕಿ ಹಾಕಿ, ಕಂಬಳಿ ಹೊದೆಸಿ, ಕೆಳಗೆ ಹೋದಳು. ಮರುದಿನ ಬೆಳಿಗ್ಗೆ ಕಣ್ಣು ಬಿಟ್ಟ ಅಬೆಲ್‌ನ ಮೂಗಿಗೆ ಒಂದು ವಾಸನೆ ಬಡಿಯಿತು. ಸಣ್ಣಗೆ, ಚೂಪಾಗಿ.

ಮಿರೇಯ್ ಬಂದೊಡನೆ ಬಾಗಿಲು ಹಾಕು ಎಂದ. ದನಿ ತಗ್ಗಿಸಿದ.

“ತೊಟ್ಟಿ ಹುಳಿಗೆ ತಿರುಗಿದೆ ಕಣೇ.”

ಅವಳು ಅವನನ್ನೇ ನೋಡಿದಳು. ಈಗಷ್ಟೇ ತುಳಿದು ಬಂದೆ, ಏನೂ ಇಲ್ಲ ಎಂದಳು. ನಿನ್ನ ಮೂಗು ನಿನ್ನೆ ಹುಟ್ಟಿದ್ದು, ನಂದು ಹೇಳೋದು ಕೇಳು ಎಂದ ಅವನು. ಸಿಪ್ಪೆಯ ಹೆಪ್ಪಿನ ಮೇಲೆ ಎಲ್ಲೋ ಹುಳಿ ಹಿಡಿದಿದೆ, ಅದು ಕೆಳಗಿಳಿಯುವ ಮೊದಲು ರಸ ಇಳಿಸಿಬಿಡಬೇಕು, ತೆಳ್ಳಗಾದರೂ ವೈನ್ ಆಗಿ ಉಳಿಯುತ್ತದೆ, ಕಾದರೆ ವರ್ಷದ ದುಡಿಮೆಯೆಲ್ಲ ಹಸಿ ಸೊಪ್ಪಿಗೆ ಸುರಿದು ತಿನ್ನುವ ವಿನೆಗರ್. ಅಮ್ಮನಿಗೆ ಹೇಳಬೇಡ, ಅವಳಿಗೆ ಹೇಳಿದರೆ ಭಾನುವಾರ ಪೂಜೆ ಮುಗಿಯುವುದರೊಳಗೆ ಕಣಿವೆಗೆಲ್ಲ ಗೊತ್ತಾಗುತ್ತದೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದ.

ಅವಳು ತಂದಿದ್ದ ಲೋಟ ಕೈಗೆ ತೆಗೆದುಕೊಂಡು ಮೂಸಿದ. ಕಣ್ಣು ಮುಚ್ಚಿದ. ಲೋಟವನ್ನು ಅವಳ ಕಡೆ ಚಾಚಿದ.

“ನೀನೇ ನೋಡು.”

ಅವಳು ಮೂಸಿದಳು. ಮುಖದ ಬಣ್ಣ ಇಳಿಯಿತು. ಅವಳಿಗೂ ಬಂದಿತ್ತು ಆ ವಾಸನೆ. ಸಣ್ಣಗೆ, ಆದರೆ ಬಂದಿತ್ತು.

“ಕೊಡತಿ ತಗೋ,” ಎಂದ ಅಬೆಲ್. ಅದುವರೆಗೆ ಯಾರಿಗೂ ಆಡದ ಮಾತು. “ಹೋಗು, ಇಳಿಸು.”

ಮಿರೇಯ್ ಲೋಟ ಹಿಡಿದು ಕೆಳಗೆ ಹೋದಳು. ಅವಳಿಗೆ ಕೊಡತಿ ಕೊಡುವ ಹೊತ್ತು ಹೀಗೆ ಬರಬೇಕಾಗಿತ್ತೇ ಎಂದು ಅಬೆಲ್‌ಗೆ ಸಂಕಟವಾಯಿತು. ಬಿರಡೆಗೆ ಬೀಳುವ ಏಟು ಸೂರಿನ ತನಕ ಕೇಳುತ್ತದೆ. ಅವನು ಕಿವಿಗೊಟ್ಟು ಕಾದ. ಏಟು ಬೀಳಲಿಲ್ಲ. ಬಿಸಿಲು ಕಿಟಕಿಯಿಂದ ಮಂಚಕ್ಕೆ ಬಂತು, ಮಂಚದಿಂದ ಗೋಡೆಗೆ ಹೋಯಿತು. ಏಟು ಬೀಳಲಿಲ್ಲ.

ಮಧ್ಯಾಹ್ನ ಅವಳು ಬಂದಾಗ ಬೆನ್ನ ಹಿಂದೆ ಲೆಯೊನ್ಸ್ ಇದ್ದ.

ಕೆಳಗೆ ಏನು ನಡೆಯಿತೆಂದು ಅವಳೇ ಹೇಳಿದಳು. ಕೊಡತಿ ಎತ್ತಿದ್ದಳು, ಏಟು ಹಾಕುವವಳೇ ಇದ್ದಳು. ಕೈ ಬರಲಿಲ್ಲ. ಅದೇ ಲೋಟವನ್ನು ಅಂಗಳಕ್ಕೆ ಒಯ್ದು ಗಾಳಿಯಲ್ಲಿ ಮೂಸಿದಳು. ಶುದ್ಧ ಹಣ್ಣಿನ ವಾಸನೆ. ಮತ್ತೆ ತೊಟ್ಟಿಗೆ ಹತ್ತಿ ಹೆಪ್ಪಿನ ಮೂಲೆಮೂಲೆಯನ್ನೂ ಕೈಯಿಂದ ಬಗೆದು ಮೂಸಿದಳು. ಏನೂ ಇಲ್ಲ. ತನ್ನನ್ನೇ ನಂಬಲಾಗದೆ ಲೆಯೊನ್ಸ್‌ನನ್ನು ಕರೆದಳು. ಅವನೂ ಮೂಸಿದ.

“ಚೊಕ್ಕವಾಗಿದೆ ಕಣೋ ಅಬೆಲ್,” ಎಂದ ಲೆಯೊನ್ಸ್. ಅವನು ಹಂಗಿಸುತ್ತಿರಲಿಲ್ಲ, ಅದೇ ಅಬೆಲ್‌ಗೆ ಹೆದರಿಕೆ ತಂದಿತು. “ನಿನ್ನ ಮೂಗಿಗೆ ಶೀತ ಆಗಿರ್ಬೇಕು.”

“ನನ್ನ ಮೂಗಿಗೆ ಏನೂ ಆಗಿಲ್ಲ. ಮಿರೇಯ್, ಇಳಿಸು ಅಂದ್ನಲ್ಲ.”

“ಇಲ್ಲಪ್ಪ. ಇಳಿಸಲ್ಲ.”

“ಯಾರ ತೊಟ್ಟಿ ಅದು?”

“ನಿಂದೇ. ಆದ್ರೆ ನೀನು ಇಲ್ಲಿದೀಯ, ಅದರೊಳಗೆ ದಿನಾ ನಿಂತಿರೋಳು ನಾನು.” ಸಿಪ್ಪೆಯ ಬಣ್ಣ ಮೆತ್ತಿದ ಕೈಯನ್ನು ಅವನ ಮುಂದೆ ಚಾಚಿದಳು. “ಈಗ ಇಳಿಸಿದ್ರೆ ಅದು ಪೀಪಾಯಿ ತೊಳೆದ ನೀರಾಗತ್ತೆ. ಕೆಟ್ಟರೆ ನಾನು ಕೆಡಿಸಿದೆ ಅಂತ ಊರಿಗೆಲ್ಲ ನಾನೇ ಹೇಳ್ತೀನಿ. ಇಳಿಸಲ್ಲ.”

ಇಬ್ಬರೂ ಹೊರಗೆ ಹೋಗಿ ಎಂದ ಅಬೆಲ್.

ಆವತ್ತಿನಿಂದ ಅವನು ಮಾತು ಬಿಟ್ಟ. ಮಗಳು ಲೋಟ ತಂದರೆ ಮುಟ್ಟಲಿಲ್ಲ. ಜೊಸೆತ್ ಸೂಪು ತಂದರೆ ಅರ್ಧ ತಿಂದು ತಟ್ಟೆಯನ್ನು ಹಾಗೇ ತಳ್ಳಿದ, ತಳದ ಬಿಸಿಗೆ ವೈನ್ ಸುರಿದು ಕುಡಿಯಲಿಲ್ಲ. ಮದುವೆಯಾದಂದಿನಿಂದ ಜೊಸೆತ್ ಅಂಥದ್ದನ್ನು ನೋಡಿರಲಿಲ್ಲ. ಕಾಲು ಕೊಳೆಯುತ್ತಿರಬೇಕೆಂದು ಡಾಕ್ಟರಿಗೆ ಫೋನ್ ಮಾಡಲು ಹೊರಟಳು. ಅವನಿಗೆ ಚಳಿಯೇನೋ ಎಂದು ಬೆಂಕಿಗೆ ಇನ್ನೆರಡು ಕೊರಡು ತುಂಬಿದಳು.

ಅದು ಬರೀ ಮುನಿಸಾಗಿದ್ದರೆ ಅಬೆಲ್ ಸುಧಾರಿಸಿಕೊಳ್ಳುತ್ತಿದ್ದ, ಮುನಿಸಿಕೊಳ್ಳುವುದು ಅವನಿಗೆ ಹೊಸದಲ್ಲ. ಇದು ಬೇರೆ. ಅವನಿಗೆ ಭಯವಾಗಿತ್ತು. ಮಿರೇಯ್ ಸುಳ್ಳು ಹೇಳುವವಳಲ್ಲ. ಲೆಯೊನ್ಸ್ ಈ ವಿಷಯದಲ್ಲಿ ತಮಾಷೆ ಮಾಡುವವನಲ್ಲ. ಹುಳಿ ತೊಟ್ಟಿಯಲ್ಲಿ ಇಲ್ಲದಿದ್ದರೆ ಎಲ್ಲಿದೆ? ಅವನಿಗೋ ಅದು ಬೆಳಿಗ್ಗೆ ಬರುತ್ತದೆ, ಸಂಜೆ ಬರುತ್ತದೆ, ಕನಸಿನಲ್ಲೂ ಬರುತ್ತದೆ. ಅಂದರೆ ಹುಳಿ ಹಿಡಿದದ್ದು ಮೂಗಿಗೇ. ಇದೇ ಮಂಚದಲ್ಲಿ ಅಪ್ಪನಿಗೆ ಆದದ್ದು ಈಗ ಮಗನಿಗೂ ಆಗಿದೆ. ಇನ್ನು ಮುಂದೆ ತಾನೂ ಕಲ್ಲುಗೋಡೆಯ ಮೇಲೆ ಕೂತು ರಸ್ತೆ ನೋಡಬೇಕು, ಕೊಟ್ಟದ್ದನ್ನು ಮೂಸದೆ ಕುಡಿದು ಚೆನ್ನಾಗಿದೆ ಅನ್ನಬೇಕು. ಆ ಯೋಚನೆ ಬಂದಾಗ ಗಂಡಸು ಅಳುತ್ತಾನೆಯೇ ಎಂದು ಕೇಳಬೇಡಿ, ಅತ್ತ.

ಯಾರ ಮುಖವೂ ಬೇಡವೆನ್ನಿಸಿ ಒಂದು ಮಧ್ಯಾಹ್ನ ಅವನು ಪ್ಲಾಸ್ಟರಿನ ಕಾಲನ್ನು ಎರಡೂ ಕೈಯಿಂದ ಎತ್ತಿಟ್ಟು, ಬಾಗಿಲಿಗೆ ಬೆನ್ನು ಮಾಡಿ, ಗೋಡೆಯ ಕಡೆಗೆ ಹೊರಳಿದ. ಒಲೆಗೂಡಿನ ಬಿಸಿ ಮುಖಕ್ಕೆ ತಾಗಿತು. ಜೊತೆಗೇ ಹುಳಿ ವಾಸನೆ, ಹಿಂದೆಂದಿಗಿಂತ ಜೋರಾಗಿ, ಮೂಗಿನೊಳಕ್ಕೇ ನುಗ್ಗಿತು.

ಅಬೆಲ್ ಕಣ್ಣು ಬಿಟ್ಟ. ಇನ್ನೊಂದು ಸಲ ಉಸಿರೆಳೆದ. ತಲೆಯನ್ನು ಎಡಕ್ಕೆ ತಿರುಗಿಸಿ ಮೂಸಿದ, ಬಲಕ್ಕೆ ತಿರುಗಿಸಿ ಮೂಸಿದ, ಬೇಟೆನಾಯಿಯ ಹಾಗೆ. ಬಲಕ್ಕೆ. ಒಲೆಗೂಡಿನ ಪಕ್ಕದ ಗೂಡು. ಕೈ ಚಾಚಿ ಪರದೆ ಸರಿಸಿದ.

ಅಲ್ಲಿ, ಹಳೆಯ ಶಾಲು ಸುತ್ತಿಕೊಂಡು, ಕಂದು ಬಣ್ಣದ ವಿನೆಗರ್ ಜಾಡಿ ಬೆಚ್ಚಗೆ ಕೂತಿತ್ತು.

ಅವನು ಜೊಸೆತ್‌ಳನ್ನು ಕೂಗಿದ ಕೂಗಿಗೆ ಅವಳು ಮನುಷ್ಯ ಮಂಚದಿಂದ ಬಿದ್ದನೆಂದೇ ಓಡಿ ಬಂದಳು. ಕೈಯಲ್ಲಿ ಹಿಟ್ಟು ಹಾಗೇ ಇತ್ತು.

“ಇದು ಇಲ್ಯಾಕಿದೆ?”

“ಇನ್ನೆಲ್ಲಿರ್ಬೇಕು? ಕೊಯ್ಲಲ್ವಾ? ತೊಟ್ಟಿಗೆ ದೂರ ಅಂದ್ರೆ ಈ ಕೋಣೆನೇ. ಬೆಚ್ಚಗೂ ಇರತ್ತೆ ಅದಕ್ಕೆ.”

“ನಾನು ಇಲ್ಲಿ ಮಲಗಿದೀನಿ ಜೊಸೆತ್!”

“ಅದಕ್ಕೇನೀಗ, ಅದು ನಿನ್ನ ಕಚ್ಚತ್ತಾ?” ಎಂದಳು ಅವಳು. ಆಮೇಲೆ ಅವನ ಮುಖ ನೋಡಿ ದನಿ ಮೆತ್ತಗೆ ಮಾಡಿದಳು. “ನಾನೇನು ಹೊಸದಾಗಿ ಇಟ್ಟಿದ್ದಲ್ಲ ಮಾರಾಯ. ನಾನು ಸೊಸೆಯಾಗಿ ಬಂದ ವರ್ಷವೇ ನಿಮ್ಮಮ್ಮ ತೋರಿಸಿಕೊಟ್ಟಿದ್ದು. ದ್ರಾಕ್ಷಿ ಒಳಗೆ ಬಂದ ದಿನ ಜಾಡಿ ಸೂರಿನ ಕೋಣೆಗೆ, ಒಲೆಗೂಡಿನ ಪಕ್ಕಕ್ಕೆ. ಈ ಮನೇಲಿ ಯಾವಾಗ್ಲೂ ಇಲ್ಲೇ ಇಡೋದು ಅಂದಿದ್ರು.”

“ಯಾವಾಗ್ಲೂ?” ಎಂದ ಅಬೆಲ್.

“ಯಾವಾಗ್ಲೂ.”

ಅವನು ತಲೆಯನ್ನು ದಿಂಬಿಗೆ ಒರಗಿಸಿದ. ಮಗಳ ವಿಷಯ, ತೊಟ್ಟಿಯ ವಿಷಯ ಅವನ ಮನಸ್ಸಿಗೆ ಆಮೇಲೆ ಬಂತು. ಮೊದಲು ಬಂದದ್ದು ಕೆಮ್ಮು. ಇದೇ ಮಂಚ, ಇದೇ ದಿಂಬಿನ ಜಾಗ, ಎದೆಗೆ ಬೆಚ್ಚಗಿರಲೆಂದು ಅಮ್ಮ ಹೊತ್ತಿಸಿದ್ದ ಇದೇ ಒಲೆಗೂಡು. ಪಕ್ಕದಲ್ಲಿ, ಪರದೆಯ ಹಿಂದೆ, ಕೈಗೆಟಕುವಷ್ಟು ದೂರದಲ್ಲಿ ಇದೇ ಜಾಡಿ. ಅಪ್ಪನಿಗೆ ವಾಸನೆ ಬಂದದ್ದು ನಿಜ. ಅಪ್ಪ ಹೊಟ್ಟೆಯುರಿಯಿಂದ ಕೂಗಲಿಲ್ಲ, ಹೆದರಿ ಕೂಗಿದ. ಮಗನ ಮೊದಲ ತೊಟ್ಟಿ ಕೆಡುತ್ತಿದೆಯೆಂದು, ಅದನ್ನು ಉಳಿಸಲೆಂದು ಕೂಗಿದ. ಆಮೇಲೆ ಅದರಲ್ಲಿ ಹುಳಿಯೇ ಇರಲಿಲ್ಲವೆಂದು ಗೊತ್ತಾದಾಗ ಅವನು ಅಬೆಲ್‌ನ ಮೇಲಲ್ಲ, ತನ್ನ ಮೂಗಿನ ಮೇಲೇ ನಂಬಿಕೆ ಬಿಟ್ಟ. ಹಾಗೆಯೇ ಸತ್ತ.

ಅಬೆಲ್ ಇದನ್ನು ಜೊಸೆತ್‌ಗೆ ಹೇಳಲು ಹೋದ, ಅಪ್ಪ ಎಂದವನು ಜಾಡಿಯ ಕಡೆ ಕೈ ತೋರಿಸಿದ. ಅವಳಿಗೆ ಅರ್ಥವಾಯಿತು. ಹಿಟ್ಟಿನ ಕೈಯಲ್ಲೇ ಅವನ ತಲೆ ಸವರಿದಳು.

ಸಂಜೆ ಮಿರೇಯ್ ಬಂದಳು. ಅಪ್ಪ ಮಾತಾಡುವುದಿಲ್ಲವೆಂದು ಗೊತ್ತಿದ್ದರೂ ಲೋಟ ತಂದಿದ್ದಳು. ಮಂಚದ ಮೇಲೆ, ಅಪ್ಪನ ಪಕ್ಕದಲ್ಲಿ ಜಾಡಿ ಕೂತಿರುವುದನ್ನು ನೋಡಿ ಬಾಗಿಲಲ್ಲೇ ನಿಂತಳು. ಒಂದು ಗಳಿಗೆ ಅವಳ ತಲೆಯಲ್ಲಿ ಲೆಕ್ಕ ಓಡಿತು. ಆಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ. ಲೋಟದ ವೈನ್ ತುಳುಕುವಷ್ಟು ನಕ್ಕಳು. ಅಬೆಲ್ ಮುಖ ಊದಿಸಿಕೊಂಡೇ ಇದ್ದ, ಕೊನೆಗೆ ಅವನ ಹೊಟ್ಟೆಯೂ ಕುಲುಕಿತು.

“ಯಾರಿಗೂ ಹೇಳೋ ಹಾಗಿಲ್ಲ,” ಎಂದ. “ಲೆಯೊನ್ಸ್‌ಗಂತೂ ಸತ್ರೂ ಇಲ್ಲ. ಗೊತ್ತಾದ್ರೆ ನಾನು ಗೋರಿಗೆ ಹೋದ್ಮೇಲೂ ಬಂದು ಹಂಗಿಸ್ತಾನೆ. ಆಣೆ ಮಾಡಿ, ಇಬ್ರೂ.”

ಇಬ್ಬರೂ ಆಣೆ ಮಾಡಿದರು. ಜೊಸೆತ್ ಜಾಡಿಯನ್ನು ಹೊತ್ತು ಕೋಳಿಗೂಡಿನ ಕಡೆಗೆ ಹೊರಟಳು. ಅಬೆಲ್ ಕಿಟಕಿ ತೆಗೆಸಿ, ಗಾಳಿಯಾಡಿದ ಮೇಲೆ ಲೋಟ ಮೂಸಿದ. ಕಾಡುಹಣ್ಣು, ಒದ್ದೆ ಕಬ್ಬಿಣ, ಸ್ವಲ್ಪ ಮೆಣಸು. ಮೂಗು ಮನೆಗೆ ವಾಪಸು ಬಂದಿತ್ತು. ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ ಸೂಪು ಇನ್ನೊಂದು ತಟ್ಟೆ ಬೇಕೆಂದ.

“ಮಿರೇಯ್,” ಎಂದ ಅವಳು ಹೊರಡುವಾಗ. “ನಾನು ಇಳಿಸು ಅಂದಾಗ ನೀನ್ಯಾಕೆ ಇಳಿಸ್ಲಿಲ್ಲ? ಈ ಕೋಣೇಲಿ ನಿಂಗೂ ವಾಸನೆ ಬಂದಿತ್ತಲ್ಲ.”

ಅವಳು ಯೋಚಿಸಿದಳು. “ಗೊತ್ತಿಲ್ಲಪ್ಪ. ಕಾಲಿಗೆ ಗೊತ್ತಾಗ್ತಿತ್ತು. ತೊಟ್ಟಿ ಬೆಚ್ಚಗಿತ್ತು, ಚೆನ್ನಾಗಿತ್ತು. ಅದನ್ನ ಅರ್ಧಕ್ಕೆ ಬಿಡೋಕೆ ಮನಸ್ಸು ಬರ್ಲಿಲ್ಲ.”

ಅಪ್ಪ ಇಳಿಸು ಅಂದಾಗ ನನಗೂ ಹಾಗೇ ಅನ್ನಿಸಿತ್ತು ಎಂದು ಅಬೆಲ್ ಹೇಳಲಿಲ್ಲ. ತನಗಿಲ್ಲದಿದ್ದ ಧೈರ್ಯ ಇವಳಿಗೆ ಎಲ್ಲಿಂದ ಬಂತೆಂದು ಅವಳು ಹೋದ ಬಾಗಿಲನ್ನೇ ನೋಡುತ್ತಾ ಕೂತ. ಹೊಟ್ಟೆಯುರಿಯಲಿಲ್ಲ. ಹೆಮ್ಮೆಯಾಯಿತು.

ರಸ ಇಳಿಸುವ ದಿನವನ್ನು ಅವಳೇ ಗೊತ್ತುಮಾಡಿದಳು. ಅಬೆಲ್‌ನನ್ನು ಮತ್ತೆ ಕುರ್ಚಿಯಲ್ಲಿ ಹೊತ್ತು, ಈ ಸಲ ಕೆಳಗೆ, ತೊಟ್ಟಿಯ ಮುಂದೆ ಕೂರಿಸಿದರು. ಮಿರೇಯ್ ಮೊಳೆಯಿಂದ ಕೊಡತಿ ತೆಗೆದು ಅಪ್ಪನ ಕೈಗೆ ಕೊಟ್ಟಳು. ಅವನು ಅದರ ಹಿಡಿಯನ್ನು ಒಮ್ಮೆ ಉಜ್ಜಿ ನೋಡಿದ, ಅಪ್ಪನ ಕೈ ಸವೆಸಿದ ಜಾಗ ಯಾವುದು, ತನ್ನದು ಯಾವುದು ಎಂದು ಗೊತ್ತಾಗಲಿಲ್ಲ. ಅವಳಿಗೇ ವಾಪಸು ಕೊಟ್ಟ.

“ಅದರೊಳಗೆ ನಿಂತಿದ್ದೋಳು ನೀನು,” ಎಂದ.

ಬಿರಡೆಗೆ ಏಟು ಬಿತ್ತು. ವೈನ್ ಕಪ್ಪಗೆ, ದಪ್ಪಗೆ, ನೇರಳೆ ನೊರೆ ಕಟ್ಟಿ ಸುರಿಯಿತು. ಎಲ್ಲರೂ ಅಡುಗೆಮನೆಗೆ ಹತ್ತಿ ಸೂಪು ಕುಡಿದು, ತಳದ ಬಿಸಿಗೆ ಹೊಸ ವೈನ್ ಸುರಿದು ತಟ್ಟೆ ಎತ್ತಿದರು. ಲೆಯೊನ್ಸ್ ತಟ್ಟೆ ಕೆಳಗಿಟ್ಟು ಮೀಸೆ ಒರೆಸಿಕೊಂಡು, ಗಣಿ ಮತ್ತೆ ತೆರೆಯಬೇಕು ಈ ವೈನ್‌ಗೆ ಎಂದ. ಅವನ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಬರುವುದಿಲ್ಲ.

ಎಲ್ಲ ಸಂತರ ಹಬ್ಬ ಬಂತು. ಪ್ಲಾಸ್ಟರ್ ಬಿಚ್ಚಿಯಾಗಿತ್ತು. ಅವತ್ತು ಕಣಿವೆಯ ಜನವೆಲ್ಲ ಸೇವಂತಿಗೆ ಕುಂಡಗಳನ್ನು ಹಿಡಿದು ತೋಟದ ಮೇಲಿನ ಸ್ಮಶಾನಕ್ಕೆ ಹತ್ತುತ್ತಾರೆ, ಸತ್ತವರ ಗೋರಿ ತೊಳೆದು ಹೂವಿಡುತ್ತಾರೆ, ಬದುಕಿರುವವರ ಸುದ್ದಿ ಮಾತಾಡುತ್ತಾರೆ. ಅಬೆಲ್ ಎರಡು ಊರುಗೋಲಿನ ಮೇಲೆ, ದಾರಿಯುದ್ದಕ್ಕೂ ಲೆಯೊನ್ಸ್‌ನಿಂದ ಬೈಸಿಕೊಳ್ಳುತ್ತಾ ಹತ್ತಿದ. ಮಿರೇಯ್‌ಳ ಕೋಟಿನ ಜೇಬಿನಲ್ಲಿ ಹೊಸ ವೈನ್‌ನ ಸಣ್ಣ ಬಾಟಲಿ ಇತ್ತು.

ಸಿಪ್ರಿಯೆನ್‌ನ ಗೋರಿಯ ಹತ್ತಿರ ಜೊಸೆತ್ ಹೂವಿಟ್ಟಳು. ಅಬೆಲ್ ಬಾಟಲಿ ತೆಗೆದುಕೊಂಡು ಬಿರಡೆ ಕಿತ್ತ. ಸುತ್ತಲೂ ಊರಿಗೆ ಊರೇ ಇತ್ತು. ಪಿಸುಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು, ಹಾಗೆಂದೇ ಅವನು ಮನೆಯಿಂದ ಹೊರಟದ್ದು. ಆದರೆ ಸಿಪ್ರಿಯೆನ್‌ನ ಮೂಗು ಕೈಕೊಟ್ಟಿತೆಂದು ಇಷ್ಟು ವರ್ಷ ಆಡಿಕೊಂಡ ಊರು ಅದು, ಪಿಸುಮಾತು ಅದರ ಕಿವಿಗೆ ಬೀಳುವುದಿಲ್ಲ. ಲೆಯೊನ್ಸ್‌ನ ಕಡೆ ಒಮ್ಮೆ ನೋಡಿದ. ಮುಂದಿನ ಇಪ್ಪತ್ತು ವರ್ಷದ ಹಂಗಿಸುವಿಕೆಯೆಲ್ಲ ಆ ಮುಖದಲ್ಲಿ ಕಾದು ಕೂತಂತಿತ್ತು. ಆದದ್ದಾಗಲಿ ಎಂದುಕೊಂಡ. ಮನೆಯವರಿಂದ ಮಾಡಿಸಿದ ಆಣೆಯನ್ನು ತಾನೇ ಮುರಿದ. ದ್ರಾಕ್ಷಿ ತೋಟದ ಈ ತುದಿಯಿಂದ ಆ ತುದಿಗೆ ಕೂಗುವ ದನಿಯಲ್ಲಿ, ವಿನೆಗರ್ ಜಾಡಿ ಪಕ್ಕದಲ್ಲಿಟ್ಟುಕೊಂಡು ತಾನು ತೊಟ್ಟಿ ಕೆಟ್ಟಿತೆಂದು ಕೂಗಾಡಿದ ಕತೆಯನ್ನೆಲ್ಲ ಹೇಳಿದ. ಅಲ್ಲಲ್ಲಿ ನಗು ಎದ್ದಿತು. ಅವನು ನಗು ಮುಗಿಯಲು ಬಿಟ್ಟ. ಆಮೇಲೆ ಗೋರಿಯ ಕಡೆ ತಿರುಗಿ, ಕೆಂಪು ಮಣ್ಣಿನ ಮೇಲೆ ವೈನ್ ಸುರಿದ.

“ಅಪ್ಪ,” ಎಂದ. “ಆ ವರ್ಷವೂ ಜಾಡಿ ನಿನ್ನ ಪಕ್ಕದಲ್ಲೇ ಇತ್ತು ಕಣಪ್ಪ. ನಿನ್ನ ಮೂಗಿಗೆ ಏನೂ ಆಗಿರ್ಲಿಲ್ಲ.”

ಈಗ ಯಾರೂ ನಗುತ್ತಿರಲಿಲ್ಲ. ಲೆಯೊನ್ಸ್ ಹಂಗಿಸಲಿಲ್ಲ, ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.